ಹನುಮಪ್ಪನಿಗೆ ಬಿಟ್ಟ ಸೈಕಲ್ಲು

ನಮ್ಮೂರಿನಲ್ಲಿ ಒಂದು ಸೈಕಲ್ಲು ಕಂಡವರ ಹೊಲ ಹೊಕ್ಕು, ಕಂಡವರ ಬಾಗಿಲಲ್ಲಿ ಜೋಳ ತಿಂದು, ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿತ್ತು ಎಂದರೆ ಕೊಪ್ಪಳದ ಜನ ನಗುತ್ತಾರೆ. ನಗಲಿ. ನಾನು ದೊಡ್ಡಬಸಪ್ಪ, ಯಲಬುರ್ಗಾ ತಾಲೂಕಿನ ಸಾಲೆಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ಸೀಟಿ ಊದಿ ಸಾಲು ನೇರ ಮಾಡಿಸುವುದೇ ನನ್ನ ಕಸುಬಾಗಿತ್ತು. ಈಗಲೂ ಎಲ್ಲಿಯಾದರೂ ಸಾಲು ಸೊಟ್ಟಗಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮೂರಿನ ಸಾಲು ಒಂದು ದಿನವೂ ನೇರ ನಿಂತಿದ್ದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೈಕಲ್ಲು ಗವಿಸಿದ್ದೇಶನದು. ಗವಿಸಿದ್ದೇಶ ನಮ್ಮ ಓಣಿಯ ಭೀಮಕ್ಕನ ಒಬ್ಬನೇ ಮಗ. ಗಂಡ ತೀರಿಕೊಂಡ ಮೇಲೆ ಭೀಮಕ್ಕ ಎಮ್ಮೆ ಕಟ್ಟಿಕೊಂಡು ಸಂಸಾರ ತೂಗಿಸಿದವಳು. ಹಾಲನ್ನು ಯಲಬುರ್ಗಾದ ಹೋಟೆಲುಗಳಿಗೆ ಮುಟ್ಟಿಸುವುದು ಮಗನ ಕೆಲಸ. ಅವನು ಕ್ಯಾನು ಕಟ್ಟಿಕೊಂಡು ಹೊರಟರೆ ಕುಕನೂರಿನಿಂದ ಬರುವ ಬೆಳಗಿನ ಬಸ್ಸನ್ನು ಹಿಂದೆ ಹಾಕದೆ ಬಿಡುತ್ತಿರಲಿಲ್ಲ. ಬಸ್ಸಿನೊಳಗಿನವರು ಕಿಟಕಿಯಿಂದ ಕೈ ಹೊರಗೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ಬಸ್ಸಿನ ಡ್ರೈವರ್ ನನ್ನ ಹತ್ತಿರ ಬಂದು, ಹುಡುಗನಿಗೆ ಒಂದು ಮಾತು ಬುದ್ಧಿ ಹೇಳಿರಿ, ಮನೆಯಲ್ಲಿ ಹೆಂಡತಿಯೂ ನಗುವ ಹಾಗಾಗಿದೆ ಎಂದು ಅಲವತ್ತುಕೊಂಡ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಹುಡುಗನನ್ನು ಕರೆದುಕೊಂಡು ಹೋಗಿ ಜಿಲ್ಲಾ ಸೈಕಲ್ ಸ್ಪರ್ಧೆಗೆ ನಿಲ್ಲಿಸಿದೆ.

ಅಲ್ಲಿಂದ ಮುಂದಿನದು ಪೇಪರಿನಲ್ಲಿ ಬಂದದ್ದೇ. ಜಿಲ್ಲೆ ಗೆದ್ದ. ವಿಜಯಪುರದ ಕಡೆ ತರಬೇತಿಗೆ ಹೋದ, ರಾಜ್ಯ ಗೆದ್ದ. ಆಮೇಲೆ ದೇಶದ ರಸ್ತೆ ಸ್ಪರ್ಧೆಯಲ್ಲಿ ಪದಕ ತಂದ. ಅವನಿಗೊಂದು ಹಗುರವಾದ ರೇಸಿಂಗ್ ಸೈಕಲ್ಲು ಬಂತು, ಎರಡು ಬೆರಳಿನಲ್ಲಿ ಎತ್ತಬಹುದು. ಊರೂರಿನ ಸಂಘದವರು ಕರೆದು ಸನ್ಮಾನ ಮಾಡಿದರು. ಒಂದೊಂದು ಸನ್ಮಾನಕ್ಕೆ ಒಂದೊಂದು ಶಾಲು. ಶಾಲುಗಳನ್ನು ಇಡಲು ಮನೆಯಲ್ಲಿ ಜಾಗವಿಲ್ಲದೆ ಭೀಮಕ್ಕ ಅವನ್ನೆಲ್ಲ ಸೇರಿಸಿ ಕೌದಿ ಹೊಲಿದಳು. ಇಡೀ ಜಿಲ್ಲೆಯ ಸಂಘ ಸಂಸ್ಥೆಗಳನ್ನು ಹೊದ್ದುಕೊಂಡು ಮಲಗುವ ಭಾಗ್ಯ ನಮ್ಮ ಗವಿಸಿದ್ದೇಶನೊಬ್ಬನಿಗೇ ಇತ್ತು.

ಆ ಕೌದಿಯನ್ನೇ ಹೊದ್ದುಕೊಂಡು ಅವನು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ. ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಎದ್ದಿತ್ತು. ಹೆಲ್ಮೆಟ್ಟಿನ ಪಟ್ಟಿ ಒತ್ತಿ ಬಂದಿರಬೇಕು ಎಂದುಕೊಂಡಿದ್ದೆವು. ಡಾಕ್ಟರು ಕ್ಯಾನ್ಸರ್ ಎಂದರು. ವಾಸಿಯಾಗುವ ಜಾತಿಯದು, ಆದರೆ ಕಿಮೋ ಕೊಡಲೇಬೇಕು ಎಂದರು. ಹುಡುಗನ ಕೂದಲು ಹೋಯಿತು, ಹುಬ್ಬು ಹೋಯಿತು, ಎತ್ತಿನ ಮೀನಖಂಡದಂತಿದ್ದ ಕಾಲು ಸೊರಗಿ ಕೋಲಾಯಿತು. ನಮ್ಮ ಜನಕ್ಕೆ ರೋಗಿಯ ಮುಂದೆ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಆಸ್ಪತ್ರೆಗೂ ಹೋಗಿ ಅವನಿಗೆ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಬಂದರು. ನಾನು ಮಂಚದ ಪಕ್ಕದಲ್ಲಿ ಕುಳಿತು ಕಣ್ಣೀರು ಹಾಕಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಾಗಿದ್ದರೂ ಅದಕ್ಕಿಂತ ಹೆಚ್ಚು ಸಂಕಟ ಆಗುತ್ತಿರಲಿಲ್ಲ.

ಮಗನನ್ನು ಹುಬ್ಬಳ್ಳಿಗೆ ಕರೆದೊಯ್ದ ದಿನ ಭೀಮಕ್ಕ ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಊರ ಹನುಮಪ್ಪನ ಗುಡಿಯ ಮುಂದೆ ನಿಂತು ಹರಕೆ ಹೊತ್ತಿದ್ದಳು. ಏನೆಂದು ಹೊತ್ತಳೋ ಯಾರಿಗೂ ಗೊತ್ತಿರಲಿಲ್ಲ. ತೀರುವ ತನಕ ಹರಕೆಯನ್ನು ಬಾಯಿಬಿಟ್ಟು ಹೇಳಬಾರದು ಎನ್ನುವುದು ನಮ್ಮ ಕಡೆಯ ವಾಡಿಕೆ. ತಿಂಗಳುಗಳು ಕಳೆದವು. ಕೊನೆಯ ರಿಪೋರ್ಟು ಬಂದು, ರೋಗ ಹೋಗಿದೆ, ಹುಡುಗ ಉಳಿದ ಎಂದು ಡಾಕ್ಟರು ಹೇಳಿದ ಮರುದಿನ ಭೀಮಕ್ಕ ಊರಿಗೆ ಬಂದಳು. ಮೂಲೆಯಲ್ಲಿದ್ದ ರೇಸಿಂಗ್ ಸೈಕಲ್ಲನ್ನು ಹೊರಗೆ ತೆಗೆದು ಅರಿಶಿನದ ನೀರಿನಲ್ಲಿ ತೊಳೆದಳು. ಗುಡಿಯ ಮುಂದೆ ನಿಲ್ಲಿಸಿ, ಇದನ್ನು ಹನುಮಪ್ಪನಿಗೆ ಬಿಟ್ಟೆ ಎಂದಳು.

ದೇವರಿಗೆ ಬಿಡುವುದೆಂದರೆ ಹೋರಿ ಬಿಡುವುದು. ಒಮ್ಮೆ ಬಿಟ್ಟ ಹೋರಿಗೆ ಮೂಗುದಾರ ಹಾಕುವಂತಿಲ್ಲ, ಕಟ್ಟುವಂತಿಲ್ಲ, ನೇಗಿಲಿಗೆ ಹೂಡುವಂತಿಲ್ಲ, ಅಡ್ಡ ನಿಂತು ತಡೆಯುವಂತಿಲ್ಲ. ಅದು ಯಾರ ಹೊಲಕ್ಕೆ ಹೊಕ್ಕರೂ ಅದು ಅವರ ಪುಣ್ಯ. ಯಾರ ಬಾಗಿಲಿಗೆ ಬಂದರೂ ಅವರು ಒಂದು ಹಿಡಿ ಜೋಳ ಹಾಕಬೇಕು. ನಮ್ಮೂರಿನ ಹಿಂದಿನ ಹೋರಿ ಮುದಿಯಾಗಿ ಸತ್ತು ಬಹಳ ಕಾಲವಾಗಿತ್ತು. ಆ ಜಾಗ ಖಾಲಿ ಇತ್ತು. ಸೈಕಲ್ಲನ್ನು ಅದೇ ಜಾಗಕ್ಕೆ ತಗೊಂಡರು.

ತಗೊಂಡ ಮೇಲೆ ಶಾಸ್ತ್ರ ಬಿಡುವ ಹಾಗಿಲ್ಲ. ಹೋರಿಗೆ ಹಿಂದೊಡೆಯ ಮೇಲೆ ಮುದ್ರೆ ಹಾಕುವುದು ಪದ್ಧತಿ. ಸೈಕಲ್ಲಿನ ಹಿಂದೊಡೆ ಯಾವುದು ಎಂದು ಗುಡಿಯ ಕಟ್ಟೆಯ ಮೇಲೆ ಒಂದು ಹೊತ್ತು ಚರ್ಚೆ ನಡೆಯಿತು. ಹಿಂದಿನ ಮಡ್‌ಗಾರ್ಡು ಎಂದು ಪೂಜಾರಿ ದುರಗಪ್ಪ ತೀರ್ಪು ಕೊಟ್ಟ. ರೇಸಿಂಗ್ ಸೈಕಲ್ಲಿಗೆ ಮಡ್‌ಗಾರ್ಡು ಇರುವುದಿಲ್ಲ ಮಾರಾಯ, ಎಂದು ನಾನು ಬಾಯಿ ಬಡಿದುಕೊಂಡೆ. ಕೂಡಲೇ ಸೈಕಲ್ ರಿಪೇರಿಯ ಜಿಲಾನಸಾಬನನ್ನು ಕರೆಸಿ ಒಂದು ತಗಡಿನ ಮಡ್‌ಗಾರ್ಡು ಹಾಕಿಸಿದರು. ಅದರ ಮೇಲೆ ಕೆಂಪು ಬಣ್ಣದಲ್ಲಿ ಮುದ್ರೆ ಬಿತ್ತು. ಕೊರಳಿಗೆ, ಅಂದರೆ ಹ್ಯಾಂಡಲ್ಲಿಗೆ, ಗೆಜ್ಜೆಸರ ಕಟ್ಟಿದರು. ದೇಶದ ಪದಕ ತಂದ ಸೈಕಲ್ಲು ಝಣ್ ಎನ್ನತೊಡಗಿತು.

ಸೈಕಲ್ಲು ಓಡಾಡಲು ಶುರುಮಾಡಿತು. ಹೇಗೆ ಎಂದು ಕೇಳಬೇಡಿ. ಬಾಗಿಲಿಗೆ ಬಂದ ಸೈಕಲ್ಲಿಗೆ ಮನೆಯವರು ಒಂದು ಹಿಡಿ ಜೋಳ ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ದಿನಾ ಹಾಕಲು ಯಾರಿಗೆ ಮನಸ್ಸಿದೆ? ಮರುದಿನ ಅದು ಪಕ್ಕದ ಮನೆಯ ಬಾಗಿಲಲ್ಲಿರುತ್ತಿತ್ತು. ತಳ್ಳಿದವರಾರು ಎಂದರೆ ಯಾರೂ ಇಲ್ಲ. ತಾನೇ ಹೋಗಿದೆ ಎನ್ನುತ್ತಿದ್ದರು. ಜೋಳವನ್ನು ಗುಬ್ಬಿಗಳು ತಿನ್ನುತ್ತಿದ್ದವು, ಪುಣ್ಯ ಸೈಕಲ್ಲಿನ ಲೆಕ್ಕಕ್ಕೆ ಹೋಗುತ್ತಿತ್ತು. ಜಿಲಾನಸಾಬನ ಅಂಗಡಿಗೆ ಬಂದ ದಿನ ಅವನು ಎರಡೂ ಗಾಲಿಗೆ ಗಾಳಿ ತುಂಬಿ ಒಂದು ಸಲಾಮು ಹೊಡೆಯುತ್ತಿದ್ದ.

ಒಂದು ದಿನ ಅದು ಗಾಳೆಪ್ಪನ ಕಡಲೆ ಹೊಲದ ನಡುವೆ ಅಡ್ಡ ಬಿದ್ದಿತ್ತು. ಗಾಳೆಪ್ಪ ಊರೆಲ್ಲ ತಿರುಗಿ, ನಮ್ಮ ಹೊಲ ಮೇಯುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದ. ಮರುದಿನ ಅಕ್ಕಪಕ್ಕದ ಹೊಲದವರ ಮುಖ ಸಪ್ಪಗಾಗಿತ್ತು. ಅದರ ಮರುದಿನ ಸೈಕಲ್ಲು ಅವರ ಹೊಲದಲ್ಲಿ ಮೇಯುತ್ತಿತ್ತು. ಅಷ್ಟರಲ್ಲಿ ಒಂದು ಮಳೆ ಬಿದ್ದು ಎರೆಮಣ್ಣಿನಲ್ಲಿ ಗಾಲಿ ಹೂತು ಕುಳಿತಿತು. ದೇವರದನ್ನು ಜಗ್ಗಿ ಎಳೆಯುವಂತಿಲ್ಲವಲ್ಲ. ಜನ ಬದುವಿನ ಮೇಲೆ ನಿಂತು ಮೊರದಲ್ಲಿ ಜೋಳ ತೋರಿಸುತ್ತ, ಬಾ ಬಾ ಎಂದು ಕರೆಯುತ್ತಿದ್ದರು. ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ.

ಇಷ್ಟೆಲ್ಲ ಆಗುವಾಗ ಗವಿಸಿದ್ದೇಶ ಹುಬ್ಬಳ್ಳಿಯಲ್ಲೇ ಇದ್ದ, ಮೈಗೆ ಸ್ವಲ್ಪ ಬಲ ಬರುವ ತನಕ ಇರಲಿ ಎಂದು ಡಾಕ್ಟರು ಇರಿಸಿಕೊಂಡಿದ್ದರು. ಊರಿಗೆ ಬಂದಾಗ ತಲೆಯ ಮೇಲೆ ಹೊಸ ಕೂದಲು ಆಗತಾನೆ ಮೊಳೆತಿತ್ತು. ನಿಧಾನವಾಗಿ ಸೈಕಲ್ ತುಳಿಯಬಹುದು, ಮೊದಲಿನ ಬಲ ಬಂದೇ ಬರುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಂದವನೇ ಮೂಲೆ ನೋಡಿದ. ಸೈಕಲ್ಲು ಎಲ್ಲಿ ಎಂದು ಕೇಳಿದ. ಭೀಮಕ್ಕ ಹೇಳಿದಳು. ಅವ್ವ ಚೇಷ್ಟೆ ಮಾಡುತ್ತಿದ್ದಾಳೆಂದು ಹುಡುಗ ನಕ್ಕ. ಆಮೇಲೆ ಹುಡುಕಿಕೊಂಡು ಹೊರಟು, ಅದು ಬೇರೆಯವರ ಅಂಗಳದಲ್ಲಿ ಗೆಜ್ಜೆ ಕಟ್ಟಿಕೊಂಡು ನಿಂತಿದ್ದನ್ನು ಕಂಡು ಅಲ್ಲೇ ಕುಸಿದು ಕುಳಿತ. ಮನೆಯವರು ಒಳಗಿನಿಂದ ಮಜ್ಜಿಗೆ ತಂದು ಕೊಟ್ಟರು. ಮುಟ್ಟಬೇಡ ಎಂದೂ ಹೇಳಿದರು.

ಅವನು ದುರಗಪ್ಪನ ಹತ್ತಿರ ಹೋಗಿ ಕೇಳಿಕೊಂಡ. ದುರಗಪ್ಪ ಕೆಟ್ಟವನಲ್ಲ, ಆದರೆ ಶಾಸ್ತ್ರ ಎಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಬಹಳ ಯೋಚಿಸಿ, ಪೆಡಲ್ ತುಳಿಯುವುದು ಹೋರಿಯನ್ನು ಹೂಡಿದಂತೆ, ಅದು ಆಗದು ಎಂದ. ಸೈಕಲ್ಲು ತಾನಾಗಿಯೇ ಹೋಗುತ್ತಿದ್ದರೆ ಮೇಲೆ ಕುಳಿತುಕೊಳ್ಳಲು ಅಡ್ಡಿಯಿಲ್ಲ ಎಂದೂ ಸೇರಿಸಿದ. ಸೈಕಲ್ಲು ತಾನಾಗಿ ಹೋಗುವುದು ಇಳಿಜಾರಿನಲ್ಲಿ ಮಾತ್ರ. ನಮ್ಮೂರಿನಲ್ಲಿ ಇಳಿಜಾರು ಇರುವುದು ಕೆರೆಯ ಏರಿಯಲ್ಲಿ ಮಾತ್ರ.

ಹೀಗೆ ದೇಶದ ಪದಕ ತಂದ ರಸ್ತೆ ಸೈಕಲ್ ವೀರ ದಿನಾ ಬೆಳಗ್ಗೆ ಕೆರೆಯ ಏರಿಯ ಮೇಲಿಂದ ಕೈಕಾಲು ಆಡಿಸದೆ ಕೆಳಗೆ ಇಳಿಯುವುದು, ಸೈಕಲ್ಲಿನ ಪಕ್ಕದಲ್ಲಿ ನಡೆದುಕೊಂಡು ಮೇಲೆ ಹತ್ತುವುದು, ಮತ್ತೆ ಇಳಿಯುವುದು ಮಾಡತೊಡಗಿದ. ದುರಗಪ್ಪ ಕೆಳಗೆ ನಿಂತು ಪೆಡಲ್ ತಿರುಗುತ್ತದೆಯೇ ಎಂದು ಕಾಯುತ್ತಿದ್ದ. ಇದು ತರಬೇತಿಯೋ ತಮಾಷೆಯೋ ಎಂದು ನಾನು ಕೂಗಾಡಿದೆ. ಕೂಗಾಡಿ ಗಂಟಲು ಕಟ್ಟಿದ್ದಷ್ಟೇ ಬಂತು.

ಬೇರೆ ಸೈಕಲ್ಲು ಇರಲಿಲ್ಲವೇ ಎಂದು ನೀವು ಕೇಳಬಹುದು. ನನಗೂ ಅದೇ ಹೊಳೆದಿತ್ತು. ನನ್ನ ಹಳೆಯ ಸೈಕಲ್ಲನ್ನು ತೆಗೆದು ಅವನಿಗೆ ಕೊಟ್ಟೆ. ಅವನು ಓಣಿಯ ತುದಿಯವರೆಗೆ ಹೋಗಿ ಬಂದ. ಸಂಜೆಗೆ ನನ್ನ ಸೈಕಲ್ಲಿನ ಮಡ್‌ಗಾರ್ಡಿನ ಮೇಲೂ ಮುದ್ರೆ! ದುರಗಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಭೀಮಕ್ಕ ಬಿಟ್ಟದ್ದು ಯಾವುದೋ ಒಂದು ಸೈಕಲ್ಲನ್ನೋ, ಮಗ ಏರುವ ಸೈಕಲ್ಲನ್ನೋ ಎಂಬ ಪ್ರಶ್ನೆ ಬಂತಂತೆ. ಆಕೆಯನ್ನೇ ಕೇಳಿದರಂತೆ. ಆಕೆ ಒಂದು ಕ್ಷಣವೂ ತಡೆಯದೆ, ಮಗ ಏರಿದ್ದೆಲ್ಲ ಹನುಮಪ್ಪನದೇ ಎಂದು ತಲೆಯಾಡಿಸಿದಳಂತೆ.

ಅಲ್ಲಿಗೆ ಊರೇ ಅಸ್ತವ್ಯಸ್ತವಾಯಿತು. ಹುಡುಗ ಗಾಳೆಪ್ಪನ ಸೈಕಲ್ಲಿಗೆ ಸುಮ್ಮನೆ ಒರಗಿ ನಿಂತಿದ್ದನೆಂದು ಅದಕ್ಕೂ ಮುದ್ರೆ ಬಿತ್ತು. ಅಂಚೆಯವನು, ಇವನು ಎಲ್ಲಿ ಮುಟ್ಟಿಬಿಡುತ್ತಾನೋ ಎಂದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಟಪಾಲು ಹಂಚಿದ. ಗವಿಸಿದ್ದೇಶ ಓಣಿಯಲ್ಲಿ ಬರುತ್ತಿದ್ದಾನೆಂದರೆ ಜನ ತಮ್ಮ ತಮ್ಮ ಸೈಕಲ್ಲನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಹನುಮಪ್ಪನ ಗುಡಿಯ ಮುಂದೆ ದೇವರ ಸೈಕಲ್ಲುಗಳ ಒಂದು ಹಿಂಡೇ ಸೇರಿತು. ನಾನು ಸೈಕಲ್ಲು ಕಳೆದುಕೊಂಡು ಸಂತೆಗೆ ಬಸ್ಸಿನಲ್ಲಿ ಹೋಗುವಂತಾಯಿತು, ಬಸ್ಸಿನವನು ನನ್ನ ಮುಖ ನೋಡಿ ಹಲ್ಲು ಕಿಸಿದ.

ಭೀಮಕ್ಕ ಮಾತ್ರ ನೆಮ್ಮದಿಯಾಗಿದ್ದಳು. ಕಂಡ ದೇವರ ದಾರವನ್ನೆಲ್ಲ ತಂದು ಮಗನ ಮಣಿಕಟ್ಟಿಗೆ ಕಟ್ಟಿದ್ದಳು, ಕೈ ಮೊಣಕೈತನಕ ದಾರವಾಗಿತ್ತು. ಸುಡುವ ಬಿಸಿಲಿನಲ್ಲೂ ಅವನ ಕಿವಿಗೆ ಮಫ್ಲರ್ ಸುತ್ತುತ್ತಿದ್ದಳು. ಅವನು ಬಯಲಿಗೆ ಹೋದರೂ ಕಾಸಿ ಆರಿಸಿದ ನೀರಿನ ತಂಬಿಗೆ ಹಿಡಿದು ಹಿಂದೆ ಹೋಗುತ್ತಿದ್ದಳು. ಮಲಗುವಾಗ ಹೊಸ್ತಿಲಿಗೆ ಅಡ್ಡ ಚಾಪೆ ಹಾಕುತ್ತಿದ್ದಳು. ಯಾಕವ್ವ ಇಷ್ಟೆಲ್ಲ ಎಂದರೆ, ಒಮ್ಮೆ ಕೈಬಿಟ್ಟು ಹೋಗುತ್ತಿತ್ತು, ಮತ್ತೆ ಬಿಡಲಾರೆ ಎನ್ನುತ್ತಿದ್ದಳು. ಆಕೆಯ ಮುಖ ನೋಡಿದರೆ ನನ್ನ ಸಿಟ್ಟು ಅರ್ಧಕ್ಕೆ ಇಳಿಯುತ್ತಿತ್ತು.

ಆ ಹೊತ್ತಿಗೆ ಜಿಲ್ಲಾ ಸೈಕಲ್ ಸಂಘದ ಕಾರ್ಯದರ್ಶಿ ರವಿಕುಮಾರ ಜೀಪು ಹಾಕಿಕೊಂಡು ಬಂದ. ಬರುವ ಭಾನುವಾರ ದೊಡ್ಡ ರಸ್ತೆ ಸ್ಪರ್ಧೆ. ಕೊಪ್ಪಳದಲ್ಲಿ ಶುರು, ನಮ್ಮೂರಿನ ಮೇಲೆಯೇ ಹಾದು ಯಲಬುರ್ಗಾ, ಅಲ್ಲಿಂದ ಕುಷ್ಟಗಿ, ಕೊನೆಗೆ ಗಂಗಾವತಿ. ಮೊದಲ ಸಾಲಿನಲ್ಲಿ ಬಂದವರಿಗೆ ರಾಜ್ಯ ತಂಡದಲ್ಲಿ ಜಾಗ. ಈ ಸಲವೂ ಓಡಿಸದಿದ್ದರೆ ಗವಿಸಿದ್ದೇಶನನ್ನು ಕಾಯಿಲೆಯವನೆಂದು ಬದಿಗಿಟ್ಟುಬಿಡುತ್ತಾರೆ, ಆಮೇಲೆ ಯಾರೂ ಕರೆಯುವುದಿಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಸಂಘದ ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿಕೊಂಡೇ ಬಂದಿದ್ದ. ಊರಿನ ಸುದ್ದಿ ಕೇಳಿದ ಮೇಲೆ ಅದನ್ನು ಕೆಳಗಿಳಿಸದೆ, ಇನ್ನೊಂದು ಹಗ್ಗ ಬಿಗಿದ.

ಮರುದಿನ ಬೆಳಗ್ಗೆ ಕೆರೆಯ ಏರಿಯ ಮೇಲೆ ಗವಿಸಿದ್ದೇಶ ಒಬ್ಬನೇ ಕುಳಿತಿದ್ದ. ಪಕ್ಕದಲ್ಲಿ ಸೈಕಲ್ಲು. ನಾನು ಹೋಗಿ ಕುಳಿತೆ. ಅವನು ಕೆರೆಯ ನೀರು ನೋಡುತ್ತಲೇ ಹೇಳಿದ:

"ಸರ, ಆಸ್ಪತ್ರ್ಯಾಗ ಮಲಗಿದಾಗ ನನ್ನ ತಲ್ಯಾಗ ಒಂದ ಇತ್ರಿ. ಉಳದ್ರ ಮತ್ತ ರಸ್ತಿ ಮ್ಯಾಲ ಸೈಕಲ್ ಹೊಡೀತೀನಿ ಅಂತ. ಈಗ ಉಳದೀನಿ. ಉಳದು ಏನ್ ಮಾಡ್ಲಿ ಹೇಳ್ರಿ. ಎಲ್ಲಾರೂ ನನ್ನ ನೋಡಿ, ಪಾಪ ಉಳದಾನ ನೋಡು ಅಂತಾರ. ಉಳಿಯೂದ ಒಂದು ನೌಕರಿ ಆಗೇತಿ ನನಗ."

ಎದ್ದು ನೇರ ಗುಡಿಗೆ ಹೋದೆ. ಹನುಮಪ್ಪನ ಮೇಲೆ ನನಗೆ ಅಂಥ ಭಕ್ತಿಯೇನೂ ಇಲ್ಲ. ಆದರೆ ಈ ಊರಿನಲ್ಲಿ ಶಾಸ್ತ್ರದ ಮಾತಿಗೆ ಶಾಸ್ತ್ರದಲ್ಲೇ ಉತ್ತರ ಕೊಡಬೇಕು, ಸೀಟಿ ಊದಿ ಪ್ರಯೋಜನವಿಲ್ಲ. ದೇವರನ್ನೇ ಕೇಳೋಣ, ಸೈಕಲ್ಲು ಕೊಪ್ಪಳಕ್ಕೆ ಹೋಗಲೋ ಬೇಡವೋ, ಹೂ ಕಟ್ಟು ಎಂದು ದುರಗಪ್ಪನಿಗೆ ಹೇಳಿದೆ. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುವುದು, ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಶುಕ್ರವಾರ ಬೆಳಗ್ಗೆ ಎಂದು ನಿಗದಿಯಾಯಿತು.

ಶುಕ್ರವಾರ ಇಡೀ ಊರು ಗುಡಿಯ ಮುಂದೆ ಸೇರಿತು. ಅರ್ಧ ಜನ ದೇವರ ಅಪ್ಪಣೆ ಕೇಳಲು ಬಂದಿದ್ದರು, ಇನ್ನರ್ಧ ಜನ ತಮ್ಮ ಸೈಕಲ್ಲು ತಿರುಗಿ ಸಿಗಬಹುದೆಂಬ ಆಸೆಯಿಂದ. ರವಿಕುಮಾರ ಜೀಪನ್ನು ದೂರದಲ್ಲೇ ನಿಲ್ಲಿಸಿ ಬಂದು ನಿಂತಿದ್ದ. ಗವಿಸಿದ್ದೇಶ ಮಫ್ಲರ್ ಸುತ್ತಿಕೊಂಡು ಅವ್ವನ ಪಕ್ಕದಲ್ಲಿದ್ದ. ದುರಗಪ್ಪ ಮಡಿಯುಟ್ಟು, ಹೂ ಅಂಟಿಸಿ, ಭೀಮಕ್ಕನ ಕಡೆ ತಿರುಗಿದ. ಹೂ ಕೇಳುವ ಮೊದಲು ಹರಕೆ ಹೊತ್ತವರು ಆವತ್ತು ಆಡಿದ ಮಾತನ್ನೇ ದೇವರ ಮುಂದೆ ಇನ್ನೊಮ್ಮೆ ಆಡಬೇಕು, ಒಂದು ಅಕ್ಷರ ಹೆಚ್ಚುಕಡಿಮೆ ಆಗಬಾರದು ಎಂದ. ಹರಕೆ ತೀರಿದೆಯಲ್ಲ, ಈಗ ಬಾಯಿಬಿಟ್ಟು ಹೇಳಲು ಅಡ್ಡಿಯಿಲ್ಲ ಎಂದ.

ಭೀಮಕ್ಕ ಬಾಯಿ ತೆರೆಯಲಿಲ್ಲ. ದುರಗಪ್ಪ ಎರಡನೆಯ ಸಲ ಹೇಳಿದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರೆತಿರಬೇಕೆಂದು ಜನ ಗುಸುಗುಸು ಎನ್ನತೊಡಗಿದರು. ಹೂ ಒಣಗುತ್ತದೆ, ಬೇಗ ಹೇಳವ್ವ ಎಂದು ಹಿಂದಿನಿಂದ ಯಾರೋ ಅಂದರು. ಆಕೆ ಒಮ್ಮೆ ಮಗನ ಮುಖ ನೋಡಿದಳು, ಒಮ್ಮೆ ಹನುಮಪ್ಪನನ್ನು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೈಯೂರಿ ಕುಳಿತಳು.

"ನಾ ಸೈಕಲ್ ಬಿಡ್ತೀನಿ ಅಂದಿದ್ದಿಲ್ಲಪಾ," ಎಂದಳು. "ನನ್ನ ಮಗನ್ನ ಉಳಿಸಿಕೊಡು, ಅವನ್ನ ನಿನಗ ಬಿಡ್ತೀನಿ, ಇನ್ನ ನಾ ಕಟ್ಟಂಗಿಲ್ಲ ಅಂದಿದ್ದೆ. ಹುಡುಗನ್ನ ಬಿಟ್ಟಿದ್ದೆ ನಾನು."

ಮಾತು ಹೊರಟ ಮೇಲೆ ಆಕೆಗೆ ತಡೆಯಲಾಗಲಿಲ್ಲ.

"ಉಳದಾನ ಅಂದ ಮ್ಯಾಲ ಹ್ಯಾಂಗ ಬಿಡ್ಲಿ? ತಲ್ಯಾಗ ಕೂದಲಿಲ್ಲ, ಕಾಲಾಗ ಬಲ ಇಲ್ಲ, ಹುಟ್ಟಿದಾಗ ಹ್ಯಾಂಗ ಇದ್ದ ಹಂಗ ಮಂಚದ ಮ್ಯಾಲ ಮಲಗಿದ್ದ. ಕೈಯಾಗ ಹಿಡಕೋಬೇಕು ಅನಸ್ತು. ಸಣ್ಣಾಂವ ಇದ್ದಾಗಿಂದ ಅವನೂ ಸೈಕಲ್ಲೂ ಬ್ಯಾರೆ ಬ್ಯಾರೆ ನೋಡಿಲ್ಲ ನಾನು. ಹನುಮಪ್ಪಗೂ ಗೊತ್ತಾಗಂಗಿಲ್ಲ ಅಂತ ಸೈಕಲ್ ತಂದು ನಿಲ್ಲಿಸಿದೆ."

ಗವಿಸಿದ್ದೇಶ ಅವ್ವನ ಮುಂದೆ ಮಂಡಿಯೂರಿ ಕುಳಿತ. ಆಕೆಯ ಕೈ ಹಿಡಿದುಕೊಂಡ, ಅಷ್ಟೇ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆ ಗಳಿಗೆಯಲ್ಲಿ ಊರಿನ ಮೇಲಿದ್ದ ಸಿಟ್ಟೆಲ್ಲ ನನಗೆ ಮರೆತುಹೋಗಿತ್ತು.

ನೆನಪು ಮಾಡಿಸಲು ಊರು ತಡಮಾಡಲಿಲ್ಲ. ಮೊದಲು ಮಾತಾಡಿದವನು ಗಾಳೆಪ್ಪ. ಹಾಗಾದರೆ ಸೈಕಲ್ಲುಗಳು ದೇವರವಲ್ಲವಲ್ಲ ಎಂದು ಕೇಳಿದ. ದುರಗಪ್ಪ ಕಣ್ಣು ಮುಚ್ಚಿ ಯೋಚಿಸಿ, ಅಲ್ಲ ಎಂದ. ಆ ಮಾತು ಮುಗಿಯುವುದರೊಳಗೆ ಜನ ಹಿಂಡಿನ ಮೇಲೆ ಬಿದ್ದರು. ಇದು ನನ್ನದು, ಅದು ನಿನ್ನದು ಎಂದು ಎಳೆದಾಡಿ, ಮುದ್ರೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಟ್ರಿಣ್ ಟ್ರಿಣ್ ಎನ್ನಿಸುತ್ತ ಹೊರಟರು. ನನ್ನ ಸೈಕಲ್ಲಿನ ಬೆಲ್ಲನ್ನು ಯಾರೋ ಕಳಚಿಕೊಂಡಿದ್ದರು. ಅದು ಇವತ್ತಿಗೂ ಸಿಕ್ಕಿಲ್ಲ.

ಉಳಿದವರು ಈಗ ಗವಿಸಿದ್ದೇಶನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಹನುಮಪ್ಪನಿಗೆ ಬಿಟ್ಟದ್ದು ಇವನನ್ನೇ ಎಂದಮೇಲೆ ಕಟ್ಟುವಂತಿಲ್ಲ, ಹೂಡುವಂತಿಲ್ಲ, ಅಡ್ಡ ನಿಲ್ಲುವಂತಿಲ್ಲ. ದುರಗಪ್ಪ ಒಂದೊಂದಾಗಿ ಹೇಳಿದ. ಹೇಳುತ್ತಲೇ ಹುಡುಗನ ಕೈಮೇಲಿನ ದಾರಗಳನ್ನು ತೋರಿಸಿದ. ಭೀಮಕ್ಕ ಒಂದು ಸಲ ತಲೆಯಾಡಿಸಿ ಬಿಚ್ಚಲು ಕುಳಿತಳು. ಗಂಟು ಬಿಗಿಯಾಗಿದ್ದವು, ಕೆಲವನ್ನು ಹಲ್ಲಿನಿಂದ ಬಿಡಿಸಿದಳು. ಆಮೇಲೆ ಕಿವಿಯ ಮಫ್ಲರ್ ತೆಗೆದಳು.

ಮುದ್ರೆಯ ಗತಿಯೇನು ಎಂದು ಯಾರೋ ಕೇಳಿದರು. ಎಲ್ಲರೂ ಹುಡುಗನ ಹಿಂದೊಡೆಯ ಕಡೆ ನೋಡಿದರು. ಗವಿಸಿದ್ದೇಶ ಮೆಲ್ಲಗೆ ಗೋಡೆಗೆ ಬೆನ್ನು ಕೊಟ್ಟು ನಿಂತ. ರವಿಕುಮಾರನಿಗೆ ಆವತ್ತು ದೇವರೇ ಬುದ್ಧಿ ಕೊಟ್ಟಿರಬೇಕು. ನಮ್ಮಲ್ಲಿ ಸ್ಪರ್ಧೆಗೆ ಬಿಟ್ಟವರಿಗೆಲ್ಲ ಬೆನ್ನಿನ ಕೆಳಗೆ ನಂಬರಿನ ಬಟ್ಟೆ ಹಚ್ಚುತ್ತೇವೆ, ಅದೇ ಮುದ್ರೆ ಎಂದು ಜೀಪಿನಿಂದ ಒಂದನ್ನು ತಂದುಕೊಟ್ಟ. ದುರಗಪ್ಪ ಆ ಬಟ್ಟೆಯನ್ನು ಹನುಮಪ್ಪನ ಪಾದಕ್ಕೆ ಮುಟ್ಟಿಸಿದ. ಭೀಮಕ್ಕ ನಾಲ್ಕು ಮೂಲೆಗೂ ಪಿನ್ನು ಹಾಕಿ ಮಗನ ಅಂಗಿಗೆ ಹಚ್ಚಿದಳು. ಒಂದು ಪಿನ್ನು ಅವನಿಗೇ ಚುಚ್ಚಿತು. ಹೂ ಕೇಳುವುದು ಎಲ್ಲರಿಗೂ ಮರೆತೇಹೋಯಿತು.

ಜಿಲಾನಸಾಬ ಬಂದು ರೇಸಿಂಗ್ ಸೈಕಲ್ಲಿನ ಮಡ್‌ಗಾರ್ಡು ಬಿಚ್ಚಿದ, ಚೈನಿನೊಳಗಿನ ಎರೆಮಣ್ಣು ಕೆರೆದ. ಸೀಟಿನ ಕೆಳಗಿನ ಕೊಳವೆಯಿಂದ ಒಂದು ಸೇರಿನಷ್ಟು ಜೋಳ ಹೊರಬಿತ್ತು. ಗವಿಸಿದ್ದೇಶ ಅಂದೇ ಜೀಪು ಹತ್ತಿ ಕೊಪ್ಪಳಕ್ಕೆ ಹೋದ.

ಭಾನುವಾರ ಊರೆಲ್ಲ ರಸ್ತೆಯ ಬದಿಗೆ ಬಂದು ನಿಂತಿತ್ತು. ಬಿಟ್ಟದ್ದು ಊರ ಮೇಲೆ ಹಾದುಹೋಗುವಾಗ ಒಂದು ಹಿಡಿ ಹಾಕಲೇಬೇಕಲ್ಲ. ಮೊರದಲ್ಲಿ ಜೋಳ, ಬುಟ್ಟಿಯಲ್ಲಿ ಬಾಳೆಹಣ್ಣು, ಬೆಲ್ಲ, ಒಬ್ಬರ ಕೈಯಲ್ಲಂತೂ ರೊಟ್ಟಿ ಪಲ್ಯ. ಓಡುವ ಸೈಕಲ್ಲಿನ ಮೇಲೆ ರೊಟ್ಟಿ ಪಲ್ಯ ಹೇಗೆ ತಿನ್ನುತ್ತಾನೆ ಎಂದು ರೇಗಿದೆ. ನಿಂತು ತಿನ್ನಲಿ, ಅವಸರವೇನು ಎಂದರು. ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಲು ನೋಡಿದೆ. ಸಾಲು ಎಂದಿನ ಹಾಗೆ ಸೊಟ್ಟಗಾಯಿತು. ಭೀಮಕ್ಕ ನನ್ನ ಪಕ್ಕದಲ್ಲಿ ಒಂದು ಹಿಡಿ ಜೋಳ ಮುಚ್ಚಿಕೊಂಡು ನಿಂತಿದ್ದಳು.

ಮೊದಲು ಪೊಲೀಸ್ ಜೀಪು ಬಂತು. ಅದರ ಹಿಂದೆ ಸೈಕಲ್ಲುಗಳ ಗುಂಪು, ಭರ್ ಎನ್ನುವ ಸದ್ದು. ಗವಿಸಿದ್ದೇಶ ಮುಂದೆ ಇರಲಿಲ್ಲ, ಗುಂಪಿನ ನಡುವೆ ಇದ್ದ. ಬೆನ್ನು ಬಾಗಿತ್ತು, ಬಾಯಿ ತೆರೆದಿತ್ತು, ಕಾಲು ಇನ್ನೂ ಕೋಲೇ. ಆದರೆ ಆ ತುಳಿತ ನನಗೆ ಗೊತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬಸ್ಸನ್ನು ಹಿಂದೆ ಹಾಕುವಾಗಿನ ತುಳಿತ. ಊರಿನವರೆಲ್ಲ ನಿಲ್ಲು ನಿಲ್ಲು ಎಂದು ಕೈ ಚಾಚಿದರು. ಭೀಮಕ್ಕನ ಕೈಯೂ ಹಿಡಿಯಲು ಹೋದಂತೆ ಮುಂದಕ್ಕೆ ಹೋಯಿತು. ಅರ್ಧದಲ್ಲಿ ಬೆರಳು ಬಿಚ್ಚಿದವು. ಜೋಳ ರಸ್ತೆಯ ಮೇಲೆ ಚೆಲ್ಲಿತು. ಗವಿಸಿದ್ದೇಶ ತಿರುಗಿ ನೋಡದೆ ಹೋಗಿಬಿಟ್ಟ.

ಗಂಗಾವತಿಯಲ್ಲಿ ಅವನು ನಾಲ್ಕನೆಯವನಾಗಿ ಬಂದ, ತಂಡಕ್ಕೆ ತೆಗೆದುಕೊಂಡರು ಎನ್ನುವುದು ಆಮೇಲೆ ಬಂದ ಸುದ್ದಿ. ಆಗ ನಮಗೆ ಅದು ಗೊತ್ತಿರಲಿಲ್ಲ. ರಸ್ತೆ ಖಾಲಿಯಾಗಿತ್ತು. ಚೆಲ್ಲಿದ ಜೋಳಕ್ಕೆ ಗುಬ್ಬಿಗಳು ಇಳಿಯುತ್ತಿದ್ದವು. ಬಿಟ್ಟ ಹೋರಿ ತಿರುಗಿ ನೋಡುವುದಿಲ್ಲ, ಈಗ ಹರಕೆ ಸರಿಯಾಗಿ ಮುಟ್ಟಿತು ಎಂದು ದುರಗಪ್ಪ ಸಮಾಧಾನದಿಂದ ಗುಡಿಯ ಕಡೆ ಹೊರಟ. ಭೀಮಕ್ಕ ಮಾತ್ರ ಯಲಬುರ್ಗಾದ ಕಡೆ ನೋಡುತ್ತ ನಿಂತೇ ಇದ್ದಳು. ಆಕೆಯ ಕಣ್ಣಿನಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಮಾಸ್ತರ್ರ," ಎಂದಳು, "ಮುಂದಿನ ಊರಾಗ ಯಾರಾರ ಒಂದ ಹಿಡಿ ಹಾಕ್ತಾರೇನ್ರಿ?"

ಹಾಕುತ್ತಾರವ್ವ ಎಂದು ಬಾಯಿಯಲ್ಲಿ ಹೇಳಿದೆ. ಆದರೆ ಮುಂದಿನ ಊರುಗಳಿಗೆ ಈ ಹುಚ್ಚಾಟದ ಗಾಳಿಯೂ ಸೋಕಿರಲಿಲ್ಲ. ಜೇಬಿನಿಂದ ಫೋನು ತೆಗೆದೆ. ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗೆ ಹಚ್ಚಿ, ಎರಡು ಬಾಳೆಹಣ್ಣು ಹಿಡಿದು ರಸ್ತೆಗೆ ಬಂದು ನಿಲ್ಲು ಎಂದೆ. ಯಾಕೆ ಸರ್ ಎಂದು ಕೇಳಿದ. ಹೇಳಿದಷ್ಟು ಮಾಡು ಎಂದು ಗದರಿದೆ. ಆಮೇಲೆ ಕುಷ್ಟಗಿಯ ಬೀಗರಿಗೆ ಹಚ್ಚಿದೆ. ಭೀಮಕ್ಕ ನನ್ನ ತೋಳು ಮುಟ್ಟಿ, ಗಂಗಾವತಿಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರಿದ್ದಾರೆಂದು ನೆನಪು ಮಾಡಿಕೊಳ್ಳುತ್ತ ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆ.